‘ಕ್ಲೋಸ್’ ಪದದ ಅರ್ಥ ಮತ್ತು ಪ್ರಯೋಗ

ಕೊಂಬೈಯಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ಮಗುವು ‘ನನ್ನ ಹತ್ತಿರ ಪೆನ್ಸಿಲ್ ಇದೆ’ ಎಂಬುದನ್ನು ‘ಪೆನ್ಸಿಲ್ ಈಸ್ ನಿಯರ್ ಮಿ’ ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಕನ್ನಡದ ‘ಹತ್ತಿರ’, ಆಡುತಮಿಳಿನ ‘ಕಿಟ್ಟ’ ಎರಡೂ ಸಾಮೀಪ್ಯದೊಡನೆ ಒಡೆತನವನ್ನೂ ಸೂಚಿಸುತ್ತವೆ. ಇಂಗ್ಲಿಷಿನ ‘ನಿಯರ್’, ‘ಕ್ಲೋಸ್’ಗಳಿಗೆ ಆ ಅರ್ಥವಿಲ್ಲ, ಅಲ್ಲಿ ‘ಐ ಹ್ಯಾವ್ ಎ ಪೆನ್ಸಿಲ್’ ಎಂದೇ ಹೇಳಬೇಕು. ಕೆಂಪು ಗೆರೆ ಎಳೆಯುವ ಮುನ್ನ ಶಿಕ್ಷಕರು ಇದನ್ನು ವಿವರಿಸುವುದು ಯುಕ್ತ.

ಸ್ಥಳವನ್ನು ಹೇಳುವಲ್ಲಿ ಕನ್ನಡದ ವಿಭಕ್ತಿಗಳೇ ನೆರವಿಗೆ ಬರುತ್ತವೆ. ‘ಉತ್ತಮಪಾಳಯದ ಹತ್ತಿರ’ ಎಂಬಲ್ಲಿ ಷಷ್ಠಿ. ಇದು ‘ನಿಯರ್ ಉತ್ತಮಪಾಳಯಂ’. ‘ಉತ್ತಮಪಾಳಯಕ್ಕೆ ಹತ್ತಿರ’ ಎಂಬಲ್ಲಿ ಚತುರ್ಥಿ. ಇದು ‘ಕ್ಲೋಸ್ ಟು ಉತ್ತಮಪಾಳಯಂ’. ‘ಕ್ಕೆ’ ಪ್ರತ್ಯಯವನ್ನು ನೆನಪಿಸಿದರೆ ಮಕ್ಕಳು ‘ಟು’ವನ್ನು ಬಿಡುವುದಿಲ್ಲ.

ಆಪ್ತ ಗೆಳೆಯನು ‘ಕ್ಲೋಸ್ ಫ್ರೆಂಡ್’. ‘ನಿಯರ್ ಫ್ರೆಂಡ್’ ಎಂಬ ರೂಢಿಯಿಲ್ಲ. ಬಂಧುಗಳ ವಿಷಯದಲ್ಲಿ ಮಾತ್ರ ಎರಡೂ ಸಲ್ಲುತ್ತವೆ. ಕೊನೆಯವರೆಗೂ ಸಮಬಲದಿಂದ ನಡೆದ ಕಬಡ್ಡಿ ಪಂದ್ಯ ‘ಕ್ಲೋಸ್ ಮ್ಯಾಚ್’.

ಇನ್ನು ಉಚ್ಚಾರಣೆ. ಸಾಮೀಪ್ಯದ ‘ಕ್ಲೋಸ್’ ಪದದ ಕೊನೆಯ ಧ್ವನಿ ‘ಬಸ್’ನಲ್ಲಿರುವಂಥದು, ಮುಚ್ಚು ಎಂಬ ಕ್ರಿಯಾಪದದಲ್ಲಾದರೋ ‘ಜ಼ೂ’ ಪದದ ಮೊದಲ ಧ್ವನಿ. ಇಂಗ್ಲಿಷಿನಲ್ಲಿ ಎರಡರ ಕಾಗುಣಿತವೂ ಒಂದೇ ಆದುದರಿಂದ ಶಿಕ್ಷಕರು ಬಾಯಿಂದಲೇ ಭೇದವನ್ನು ತೋರಿಸಬೇಕು. ‘ದ ಡೋರ್ ಈಸ್ ಕ್ಲೋಸ್’ ಎಂದರೆ ಬಾಗಿಲು ಹತ್ತಿರದಲ್ಲಿದೆ ಎಂದಾಗುತ್ತದೆ. ಮುಚ್ಚಿದ್ದರೆ ‘ಕ್ಲೋಸ್‌ಡ್’ ಎನ್ನಬೇಕು.