ಕಿಟಕಿಯ ಕಡೆ ಬಾಗಿದ ತುಳಸಿ

ದಸರಾ ಹಬ್ಬದಲ್ಲಿ ನಿಮ್ಮ ಮನೆಯಲ್ಲಿ ಘಟ್ಟ ಹಾಕುತ್ತೀರಾ? ನಮ್ಮ ಕಡೆ ಹಲವು ಮನೆಗಳಲ್ಲಿ ಹಾಕುತ್ತಾರೆ. ದೇವರ ಕೋಣೆಯಲ್ಲಿ ಮಣ್ಣು ಹರಡಿ ಜೋಳ, ಗೋಧಿ ಬಿತ್ತುತ್ತಾರೆ. ದಿನಾ ನೀರು ಚಿಮುಕಿಸುತ್ತಾರೆ. ಒಂಬತ್ತು ದಿನಕ್ಕೆ ಗೇಣುದ್ದ ಸಸಿ ಬರುತ್ತದೆ. ಆ ಸಸಿಯ ಬಣ್ಣ ಯಾವುದು? ಹಸಿರಲ್ಲ, ಹಳದಿ.

ಅದೇ ಜೋಳವನ್ನು ಹೊಲದಲ್ಲಿ ಬಿತ್ತಿ ನೋಡಿ. ಒಂಬತ್ತು ದಿನಕ್ಕೆ ಸಸಿ ಗಿಡ್ಡಗೆ, ಗಟ್ಟಿಯಾಗಿ, ಹಸಿರಾಗಿ ಇರುತ್ತದೆ. ಕಾಳು ಅದೇ. ನೀರು ಅದೇ. ಬೆಳಕು ಮಾತ್ರ ಬೇರೆ.

ಜಹೀರಾಬಾದ್ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಕತ್ತಲ ಮೂಲೆಯಲ್ಲಿ ಚೀಲ ಮರೆತುಬಿಟ್ಟರೆ ಆಲೂಗಡ್ಡೆಗೆ ಉದ್ದುದ್ದ ಬಿಳಿ ಮೊಳಕೆ ಬರುತ್ತದೆ. ಮುಟ್ಟಿದರೆ ಪಟ್ಟನೆ ಮುರಿಯುತ್ತದೆ.

ಏಕೆ ಹೀಗೆ? ಕತ್ತಲಲ್ಲಿ ಇರುವ ಸಸಿ ಬೆಳಕನ್ನು ಹುಡುಕುತ್ತದೆ. ದಪ್ಪ ಆಗುವುದನ್ನು ಬಿಟ್ಟು ಉದ್ದ ಆಗುತ್ತದೆ. ಆ ಓಟಕ್ಕೆ ಶಕ್ತಿ ಎಲ್ಲಿಂದ? ಕಾಳಿನೊಳಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಆ ಬುತ್ತಿ ಮುಗಿಯುವುದರೊಳಗೆ ಬೆಳಕು ಸಿಕ್ಕರೆ ಸಸಿ ಬದುಕಿತು. ಸಿಗದಿದ್ದರೆ ಬಿತ್ತು.

ಬುತ್ತಿ ಮುಗಿದ ಮೇಲೆ ಗಿಡ ತನ್ನ ಅಡುಗೆ ತಾನೇ ಮಾಡಿಕೊಳ್ಳಬೇಕು. ಎಲೆಯೇ ಅದರ ಅಡುಗೆಮನೆ. ಬೇರಿನಿಂದ ನೀರು ಬರುತ್ತದೆ. ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಒಲೆಯ ಕೆಲಸ ಬೆಳಕಿನದು. ಇದಕ್ಕೆ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಎನ್ನುತ್ತಾರೆ. ಒತ್ತಕ್ಷರ ಇರುವ ಕಷ್ಟದ ಪದ. ಬಿಡಿಸಿ ಓದಿ: ದ್ಯು-ತಿ-ಸಂ-ಶ್ಲೇ-ಷ-ಣೆ. ಓದಲು ಬಂತೇ? ಶಾಲೆ ಕಲಿತವರೂ ಇಲ್ಲಿ ಎಡವುತ್ತಾರೆ.

ಈಗ ಒಂದು ಮನೆಯ ಕಥೆ ಕೇಳಿ. ತಾಂಡೂರಿನ ಒಂದು ಮನೆ ಎಂದು ಇಟ್ಟುಕೊಳ್ಳಿ. ತಾಂಡೂರು ಎಂದರೆ ತೊಗರಿ, ತಾಂಡೂರು ಎಂದರೆ ಫರಸಿ ಕಲ್ಲು. ಈ ಮನೆಯ ನೆಲವೂ ಫರಸಿ. ಕಿಟಕಿಗಳು ಸಣ್ಣವು. ಸೊಸೆಯ ತವರು ನಾರಾಯಣಖೇಡ. ಅವಳ ತಾಯಿ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಬಿತ್ತು. ಅಲ್ಲಿನ ಕಟ್ಟೆಯಿಂದ ಒಂದು ತುಳಸಿ ಸಸಿ ಕಿತ್ತುಕೊಂಡು ಬಂದು ಬಣ್ಣದ ಡಬ್ಬಿಯಲ್ಲಿ ಹಚ್ಚಿದಳು. ತವರಿನಿಂದ ಅವಳ ಹತ್ತಿರ ಉಳಿದದ್ದು ಅದೊಂದೇ.

ಮೊದಲು ಡಬ್ಬಿ ಅಂಗಳದಲ್ಲಿ ಇತ್ತು. ಆಡು ಬಂದು ಬಾಯಿ ಹಾಕಿತು. ಹಾಗಾಗಿ ಒಳಗೆ ತಂದು ಕಿಟಕಿಯ ಕೆಳಗೆ ಇಟ್ಟರು. ಅದೇ ವರ್ಷ ಪಕ್ಕದವರು ಮಾಳಿಗೆಯ ಮೇಲೆ ಇನ್ನೊಂದು ಮಾಳಿಗೆ ಕಟ್ಟಿದರು. ಕಿಟಕಿಗೆ ನೆರಳು ಬಿತ್ತು.

ಮಳೆಗಾಲ ಕಳೆಯುವುದರೊಳಗೆ ತುಳಸಿಯ ರೂಪ ಬದಲಾಯಿತು. ಕಾಂಡ ಸಣ್ಣಗಾಗಿ ಕಿಟಕಿಯ ಕಡೆ ಬಾಗಿತು. ಎಲೆಗೂ ಎಲೆಗೂ ನಡುವೆ ಎರಡು ಬೆರಳು ಅಂತರ. ಹೊಸ ಎಲೆ ಸಣ್ಣವು, ಬಣ್ಣವೂ ಮಾಸಲು. ತೆನೆ ಬರಲಿಲ್ಲ. ಕೆಳಗಿನ ಎಲೆ ಹಳದಿಯಾಗಿ ಉದುರಿದವು.

ಅತ್ತೆ ದಿನಾ ಸ್ನಾನ ಮಾಡಿ ಒಂದು ಚೊಂಬು ನೀರು ಹಾಕುತ್ತಿದ್ದರು. ಗಿಡ ಬಾಡಿದ ಮೇಲೆ ಎರಡು ಚೊಂಬು ಹಾಕಿದರು.

“ಅತ್ತಿ, ನೀರು ಸಾಕ್ರಿ. ಮಣ್ಣು ಮುಟ್ಟಿ ನೋಡ್ರಿ, ಇನ್ನಾ ಹಸಿ ಅದ.”

“ಗಿಡ ಬಾಡ್ಲಾಕತ್ತದ. ನೀರು ಬ್ಯಾಡಂದ್ರ ಹ್ಯಾಂಗವ್ವಾ?”

“ನೀರಿಲ್ದ ಬಾಡಿಲ್ರಿ. ಬೇರಿನ ವಾಸನಿ ನೋಡ್ರಿ, ಕೊಳ್ತದ.”

ಅತ್ತೆಯ ಭಕ್ತಿಯಲ್ಲಿ ತಪ್ಪಿಲ್ಲ. ಬಾಡಿದ್ದಕ್ಕೆ ನೀರು ಎನ್ನುವುದು ಹೊಲದ ಬುದ್ಧಿ. ಹೊಲದಲ್ಲಿ ಅದು ನಡೆಯುತ್ತದೆ. ಮನೆಯೊಳಗೆ ನಡೆಯುವುದಿಲ್ಲ. ಬೆಳಕು ಕಡಿಮೆ ಇದ್ದಾಗ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಉಳಿದ ನೀರು ಮಣ್ಣಿನಲ್ಲೇ ನಿಲ್ಲುತ್ತದೆ. ಬೇರಿಗೆ ಗಾಳಿ ಸಿಗದೆ ಅದು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಆಗ ಕೆಸರಿನಲ್ಲಿ ನಿಂತೇ ಗಿಡ ಬಾಡುತ್ತದೆ. ಮನೆಯೊಳಗಿನ ಎಷ್ಟೋ ಗಿಡಗಳು ಸಾಯುವುದು ಹೀಗೆಯೇ. ಆದ್ದರಿಂದ ಮನೆಯೊಳಗಿನ ಗಿಡ ಸೊರಗಿದರೆ ಮೊದಲು ಬೆಳಕು ನೋಡಿ. ಆಮೇಲೆ ಚೊಂಬು ಹಿಡಿಯಿರಿ.

“ಮನ್ಯಾಗ ಬೆಳಕು ಅದಲ್ಲ, ನನಗ ಎಲ್ಲಾ ಕಾಣಸ್ತದ” ಎಂದರು ಅತ್ತೆ. ನಾವೂ ಹಾಗೇ ಅಂದುಕೊಳ್ಳುತ್ತೇವೆ. ನಮ್ಮ ಕಣ್ಣು ಕಡಿಮೆ ಬೆಳಕಿಗೆ ಬೇಗ ಹೊಂದಿಕೊಳ್ಳುತ್ತದೆ. ಕಣ್ಣಿನ ಕಪ್ಪು ಗೊಂಬೆ ದೊಡ್ಡದಾಗುತ್ತದೆ, ಅದಕ್ಕೇ ಕಾಣುತ್ತದೆ. ಎಲೆಗೆ ಆ ಗುಣ ಇಲ್ಲ. ಹೊರಗಿನ ನಡುಹಗಲ ಬಿಸಿಲು ನೂರು ಪಾಲು ಎಂದು ಹಿಡಿದರೆ, ಸಣ್ಣ ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಒಂದು ಪಾಲು ಸಿಗುವುದೂ ಕಷ್ಟ. ರಾತ್ರಿ ಹಾಕುವ ಒಂದು ಬಲ್ಬಿನಿಂದಲೂ ತುಳಸಿಯ ಹೊಟ್ಟೆ ತುಂಬದು.

ಹಾಗಾದರೆ ಅಳೆಯುವುದು ಹೇಗೆ? ಯಂತ್ರ ಬೇಡ, ನಿಮ್ಮ ಕೈ ಸಾಕು. ನಡುಹಗಲು ಗಿಡ ಇರುವ ಜಾಗದಲ್ಲಿ ಬಿಳಿ ಹಾಳೆ ಇಡಿ. ಅದರ ಮೇಲೆ ಒಂದು ಮೊಳ ಎತ್ತರದಲ್ಲಿ ಅಂಗೈ ಹಿಡಿಯಿರಿ. ಐದು ಬೆರಳೂ ಬೇರೆ ಬೇರೆಯಾಗಿ, ಕಪ್ಪಾದ ನೆರಳು ಬಿದ್ದರೆ ಬೆಳಕು ಜೋರು. ಕೈಯ ಆಕಾರ ಕಂಡೂ ಅಂಚು ಮಬ್ಬಾಗಿದ್ದರೆ ಬೆಳಕು ನಡುತರ. ನೆರಳು ಇದೆಯೋ ಇಲ್ಲವೋ ಎನ್ನುವ ಹಾಗಿದ್ದರೆ ಅಲ್ಲಿ ಗಿಡಕ್ಕೆ ಉಪವಾಸ.

ಸೊಸೆ ಇನ್ನೊಂದು ಉಪಾಯ ಮಾಡಿದಳು. ಆಗಷ್ಟೇ ಅಂಕಿ ಬರೆಯಲು ಕಲಿತಿದ್ದಳು. ಬಿಸಿಲು ಬಿದ್ದ ಕಡೆಯಲ್ಲೆಲ್ಲ ಫರಸಿಯ ಮೇಲೆ ಸೀಮೆಸುಣ್ಣದಿಂದ ಹೊತ್ತು ಬರೆದಳು. 8, 9, 10, 11. ಸಂಜೆ ಎಣಿಸಿದಳು. ಕಿಟಕಿಯ ಕೆಳಗೆ ಬಿಸಿಲು ಒಂದು ತಾಸೂ ಇರಲಿಲ್ಲ. ಬಚ್ಚಲಮನೆಯ ಮಾಳಿಗೆಯ ಮೇಲೆ 9ರಿಂದ 3ರವರೆಗೆ ಇತ್ತು. ಅಂದರೆ ಆರು ತಾಸು. ತುಳಸಿಗೆ ಬೇಕಾದದ್ದೂ ಅಷ್ಟೇ, ದಿನಕ್ಕೆ ಐದಾರು ತಾಸು ಬಿಸಿಲು. ಅಲ್ಲಿಗೆ ಆಡೂ ಹತ್ತುವುದಿಲ್ಲ.

ಆದರೆ ಒಮ್ಮೆಲೇ ಒಯ್ದು ಬಿಸಿಲಿಗೆ ಇಡಲಿಲ್ಲ. ಬಹಳ ದಿನ ಕತ್ತಲಲ್ಲಿದ್ದ ಎಲೆ ತೆಳ್ಳಗಿರುತ್ತದೆ, ಸುಟ್ಟು ಬಿಳಿ ಮಚ್ಚೆ ಬೀಳುತ್ತದೆ. ಮೊದಲ ನಾಲ್ಕು ದಿನ ಬೆಳಗಿನ ಎಳೆ ಬಿಸಿಲು ಮಾತ್ರ. ಆಮೇಲೆ ದಿನಕ್ಕೆ ಒಂದು ತಾಸು ಹೆಚ್ಚು. ಹತ್ತು ದಿನಕ್ಕೆ ಪೂರಾ ಬಿಸಿಲು. ಬೇಸಿಗೆಯಲ್ಲಾದರೆ ಇನ್ನೂ ನಿಧಾನ ಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಫರಸಿಯ ಮೇಲೆ ಬರಿಗಾಲಲ್ಲಿ ನಿಲ್ಲಲಾಗದು. ಡಬ್ಬಿಯ ಬೇರಿನ ಗತಿಯೂ ಅದೇ. ಕೆಳಗೆ ಹಲಗೆ ಅಥವಾ ಮಡಿಚಿದ ಗೋಣಿಚೀಲ ಇಡಬೇಕು. ಡಬ್ಬಿಯ ತಳಕ್ಕೆ ತೂತು ಇರಲೇಬೇಕು.

ಉದ್ದವಾದ ಕಾಂಡ ಮತ್ತೆ ಗಿಡ್ಡ ಆಗುವುದಿಲ್ಲ. ಅದಕ್ಕೆ ತುದಿಗಳನ್ನು ಚಿವುಟಿದಳು. ಚಿವುಟಿದ ಕಡೆ ಎರಡು ಕವಲು ಒಡೆಯುತ್ತವೆ. ಕೊಳೆತ ಬೇರು ಉಳಿಯುತ್ತದೋ ಇಲ್ಲವೋ ಎಂಬ ಭಯ ಅವಳಿಗೆ ಇತ್ತು. ಆದ್ದರಿಂದ ಚಿವುಟಿದ ಎರಡು ತುದಿಗಳ ಕೆಳಗಿನ ಎಲೆ ತೆಗೆದು ಗ್ಲಾಸಿನ ನೀರಿನಲ್ಲಿ ಇಟ್ಟಳು. ಎರಡು ದಿನಕ್ಕೊಮ್ಮೆ ನೀರು ಬದಲಿಸಿದಳು. ಎರಡು ವಾರದಲ್ಲಿ ಬಿಳಿ ಬೇರು ಬಂತು. ಹಳೆ ಗಿಡದ ಒಂದು ಕಡೆ ಒಣಗಿ ಹೋಯಿತು. ಇನ್ನೊಂದು ಕಡೆ ಚಿಗುರಿತು. ಹೊಸ ಎಲೆ ಒತ್ತೊತ್ತಾಗಿ ಬಂದವು. ಗ್ಲಾಸಿನ ಎರಡು ಸಸಿಗಳಲ್ಲಿ ಒಂದು ಅತ್ತೆಯ ಪೂಜೆಗೆ. ಅತ್ತೆ ಈಗ ದಿನಾ ಒಂದು ಚಮಚ ನೀರು ಬಿಟ್ಟು ಕೈ ಮುಗಿಯುತ್ತಾರೆ. ಚೊಂಬಿನ ನೀರು ಮೇಲಿನ ಮಣ್ಣು ಒಣಗಿದಾಗ ಮಾತ್ರ.

ಎಲ್ಲ ಗಿಡಕ್ಕೂ ಇಷ್ಟು ಬಿಸಿಲು ಬೇಡ. ತುಳಸಿ, ಕರಿಬೇವು, ಗುಲಾಬಿ, ದಾಸವಾಳ, ಮೆಣಸಿನಕಾಯಿ ಗಿಡ ಬಿಸಿಲಿನವು. ವೀಳ್ಯದೆಲೆ ಬಳ್ಳಿಗೆ ಅರೆನೆರಳು ಇಷ್ಟ. ಮನಿ ಪ್ಲಾಂಟ್ ಮನೆಯೊಳಗೆ ಕಿಟಕಿಯ ಹತ್ತಿರ ಬದುಕುತ್ತದೆ, ನೇರ ಬಿಸಿಲು ಬೇಡ. ಜಾಗಕ್ಕೆ ತಕ್ಕ ಗಿಡ ತಂದರೆ ಅರ್ಧ ತೊಂದರೆ ತಪ್ಪುತ್ತದೆ.

ಮಾಳಿಗೆ ಇಲ್ಲದವರು ಏನು ಮಾಡಬೇಕು? ಕಿಟಕಿಯ ಎದುರಿನ ಗೋಡೆಗೆ ಸುಣ್ಣ ಹೊಡೆಯಿರಿ. ಬಿಳಿ ಗೋಡೆ ಬೆಳಕನ್ನು ತಿರುಗಿಸಿ ಒಳಗೆ ಕಳಿಸುತ್ತದೆ. ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕ್ವಾರಿಯ ಕಲ್ಲುಧೂಳು ಬರುವ ಕಡೆ ಇದು ಮುಖ್ಯ. ವಾರಕ್ಕೊಮ್ಮೆ ಡಬ್ಬಿಯನ್ನು ಕಾಲುಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆ ಬಾಗದು. ಗಿಡದ ಯಾವ ಭಾಗ ಬೆಳಕನ್ನು ಗುರುತಿಸುತ್ತದೆ ಗೊತ್ತೇ? ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮಗನ ಜೊತೆ ಸೇರಿ ಹುಲ್ಲಿನ ಸಸಿಗಳ ತುದಿಗೆ ಟೊಪ್ಪಿಗೆ ಹಾಕಿ ನೋಡಿದರು. ತುದಿ ಮುಚ್ಚಿದ ಸಸಿ ಬಾಗಲಿಲ್ಲ. ಬೆಳಕನ್ನು ಗುರುತಿಸುವುದು ತುದಿಯೇ ಎಂದು 1880ರಲ್ಲಿ ಪುಸ್ತಕ ಬರೆದರು.

ಒಂದು ಮಾತು ನೆನಪಿಡಿ, ಬಿಸಿಲಿನ ಜಾಗ ವರ್ಷವಿಡೀ ಒಂದೇ ಇರುವುದಿಲ್ಲ. ನಮ್ಮ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಮೇ ಎರಡನೇ ವಾರ ಒಂದು ದಿನ ನಡುಹಗಲು ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಬೀಳದು. ಅಲ್ಲಿಂದ ಆಗಸ್ಟ್ ಆರಂಭದವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ತಿಂಗಳು ದಕ್ಷಿಣಕ್ಕೆ. ಸಂಕ್ರಾಂತಿಯ ಹೊತ್ತಿಗೆ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ದೂರದವರೆಗೆ ಬರುತ್ತದೆ. ಆದ್ದರಿಂದ ಯುಗಾದಿಗೆ ಒಮ್ಮೆ, ದಸರಾಕ್ಕೆ ಒಮ್ಮೆ ಸೀಮೆಸುಣ್ಣ ಹಿಡಿದು ಮತ್ತೆ ಗುರುತು ಹಾಕಿ.

ಮಾಡಿ ನೋಡಿ, ಬರೆಯಿರಿ

ಎರಡು ಬಟ್ಟಲಲ್ಲಿ ಮಣ್ಣು ತುಂಬಿ ಹತ್ತು ಹತ್ತು ಜೋಳದ ಕಾಳು ಬಿತ್ತಿ. ಒಂದನ್ನು ಅಂಗಳದಲ್ಲಿ, ಒಂದನ್ನು ಪೆಟ್ಟಿಗೆಯ ಕೆಳಗೆ ಇಡಿ. ಒಂಬತ್ತನೆಯ ದಿನ ಎರಡನ್ನೂ ಕಲಿಕಾ ಕೇಂದ್ರಕ್ಕೆ ತನ್ನಿ.

ನಮ್ಮ ಮನೆಯ ಗಿಡದ ಹೆಸರು: ____________

ಅದು ಯಾವ ಕಡೆ ಬಾಗಿದೆ: ____________

ಬಿಸಿಲು ಬೀಳುವ ಹೊತ್ತು: ____ ರಿಂದ ____ ರವರೆಗೆ. ಒಟ್ಟು ____ ತಾಸು.