ಉಳಿತಾಯದ ಹಣ ಮತ್ತು ಬಡ್ಡಿಯ ವಿವೇಕ

ಕಾಯಕದಿಂದ ಬಂದ ಹಣವನ್ನು ಉಳಿಸುವುದು ಒಂದು ವಿವೇಕವಾದರೆ, ಅದನ್ನು ಎಲ್ಲಿ ಇಡಬೇಕೆಂಬುದನ್ನು ಅರಿಯುವುದು ಮತ್ತೊಂದು ವಿವೇಕ. 2011ರ ಅಕ್ಟೋಬರ್ 25ರವರೆಗೆ ವಾಣಿಜ್ಯ ಬ್ಯಾಂಕುಗಳ ಉಳಿತಾಯ ಖಾತೆಯ ಬಡ್ಡಿದರವನ್ನು ರಿಸರ್ವ್ ಬ್ಯಾಂಕೇ ಗೊತ್ತುಪಡಿಸುತ್ತಿತ್ತು. ಅಂದಿನಿಂದ ಆಯಾ ಬ್ಯಾಂಕುಗಳೇ ದರವನ್ನು ನಿರ್ಧರಿಸುತ್ತ ಬಂದಿವೆ. ಒಂದು ಲಕ್ಷ ರೂಪಾಯಿಯ ದತ್ತಿನಿಧಿಗೆ ಶೇಕಡಾ 3ರಂತೆ ವರ್ಷಕ್ಕೆ 3,000 ರೂಪಾಯಿ ದೊರೆತರೆ, ಶೇಕಡಾ 5ರಂತೆ 5,000 ದೊರೆಯುವುದು. ಆ ವ್ಯತ್ಯಾಸವು ಬಡ ವಿದ್ಯಾರ್ಥಿಯೊಬ್ಬನ ಪುಸ್ತಕಗಳಿಗೆ ಒದಗೀತು. 2010ರ ಏಪ್ರಿಲ್ 1ರಿಂದ ಬಡ್ಡಿಯನ್ನು ದಿನದಿನದ ಶಿಲ್ಕಿನ ಮೇಲೆ ಎಣಿಸುತ್ತಿರುವುದರಿಂದ, ತಿಂಗಳ ನಡುವೆ ಹಣ ವರ್ಗಾಯಿಸಿದರೂ ನಷ್ಟವಿಲ್ಲ.

ಆದರೆ ದರವೊಂದನ್ನೇ ನೋಡಿ ಖಾತೆ ಬದಲಿಸುವುದು ಸಲ್ಲದು. ಕನಿಷ್ಠ ಶಿಲ್ಕಿನ ನಿಯಮವನ್ನೂ ಠೇವಣಿ ವಿಮೆಯನ್ನೂ ಮೊದಲು ವಿಚಾರಿಸಬೇಕು. 2020ರ ಫೆಬ್ರವರಿ 4ರಂದು ಈ ವಿಮೆಯ ಮಿತಿಯನ್ನು, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ, 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಅಸಲು ಭದ್ರವಾಗಿದ್ದರೆ ಮಾತ್ರ ಬಡ್ಡಿಯು ದಾಸೋಹಕ್ಕೆ ಸಲ್ಲುವುದು.