ಸೀಮ್ ವೆಲ್ಡಿಂಗ್: ಚಕ್ರ ಎಲೆಕ್ಟ್ರೋಡ್‌ಗಳ ಆಯ್ಕೆ

1. ರೆಸಿಸ್ಟೆನ್ಸ್ ಸೀಮ್ ವೆಲ್ಡಿಂಗ್: ತಿರುಗುವ ತಾಮ್ರ ಮಿಶ್ರಲೋಹದ ಚಕ್ರಗಳ ನಡುವೆ ತಗಡುಗಳನ್ನು ಒತ್ತಿ, ವಿದ್ಯುತ್ ಹಾಯಿಸಿ ಉದ್ದಕ್ಕೂ ಬೆಸೆಯುವ ವಿಧಾನ. ಬಳಕೆ: ಸೋರಬಾರದ ಇಂಧನ ಟ್ಯಾಂಕ್, ಡಬ್ಬಿ.

2. ಶಾಖ = ಪ್ರವಾಹ² × ರೋಧ × ಕಾಲ.

3. ಚಕ್ರದ ಮಿಶ್ರಲೋಹದ ವರ್ಗ ಮತ್ತು ಅದು ಹೊಂದುವ ಕೆಲಸ:
- ವರ್ಗ 1, ತಾಮ್ರ-ಜಿರ್ಕೋನಿಯಂ: ಅಲ್ಯೂಮಿನಿಯಂ, ಸತು ಲೇಪಿತ ತಗಡು
- ವರ್ಗ 2, ತಾಮ್ರ-ಕ್ರೋಮಿಯಂ: ಸಾದಾ ಉಕ್ಕು, ಸಾಮಾನ್ಯ ಕೆಲಸಕ್ಕೆ ಇದೇ ಮೊದಲ ಆಯ್ಕೆ
- ವರ್ಗ 3, ತಾಮ್ರ-ಕೋಬಾಲ್ಟ್-ಬೆರಿಲಿಯಂ: ಸ್ಟೇನ್‌ಲೆಸ್ ಉಕ್ಕು

4. ಗೊಂದಲ ಬೇಡ: ಈ ಮೂರರಲ್ಲಿ ವರ್ಗಸಂಖ್ಯೆ ಏರಿದಂತೆ ಗಡಸುತನ ಹೆಚ್ಚುತ್ತದೆ, ವಾಹಕತೆ ಇಳಿಯುತ್ತದೆ. ಆದ್ದರಿಂದ ಗಡಸು ಚಕ್ರವೇ ಯಾವಾಗಲೂ ಉತ್ತಮವೆಂಬ ಎಣಿಕೆ ತಪ್ಪು.

5. ಸತು ಲೇಪಿತ ತಗಡು ವಿಶೇಷ ಗಮನ ಬೇಡುತ್ತದೆ. ಕರಗಿದ ಸತು ಚಕ್ರದ ತಾಮ್ರದೊಡನೆ ಬೆರೆತು ಅಂಚಿನಲ್ಲಿ ಹಳದಿ ಹಿತ್ತಾಳೆ ಪದರವಾಗುತ್ತದೆ. ರೋಧ ಬದಲಾಗಿ ಬೆಸುಗೆ ಕೆಡುತ್ತದೆ. ಪರಿಹಾರ: ನೀರಿನ ತಂಪು, ಅಂಚನ್ನು ಆಗಾಗ ಕೆರೆದು ಶುಚಿಗೊಳಿಸುವುದು.